ವಾರದ ಮಧ್ಯೆ ಬೀಫ್ ರೈಸ್: ಒಂದೇ ಪಾತ್ರೆ, ಮುಕ್ಕಾಲು ಗಂಟೆ

ಮಂಗಳೂರಿನ ನಮ್ಮ ಮನೆಗಳಲ್ಲಿ ಬೀಫ್ ಅಂದರೆ ಭಾನುವಾರದ ಅಡುಗೆ. ಇಗರ್ಜಿಯಿಂದ ಬಂದು ಒಲೆಗೆ ಇಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೆತ್ತಗಾಗುತ್ತದೆ. ಡಬ್ಲಿನ್‌ಗೆ ಬಂದ ಮೇಲೆ ನನಗೆ ಅದು ವಾರದ ಮಧ್ಯದ ಅಡುಗೆಯೂ ಆಯಿತು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನನ್ನ ಕೆಲಸ. ಬಸ್ ಹಿಡಿದು ಮನೆ ಸೇರುವಾಗ ಸಂಜೆ ಆರೂವರೆ ಆಗಿರುತ್ತದೆ. ಮಕ್ಕಳಿಗೆ ಏಳೂಕಾಲರ ಒಳಗೆ ತಟ್ಟೆ ಮುಂದೆ ಇರಬೇಕು. ಅಷ್ಟರಲ್ಲಿ ಅನ್ನ ಬೇರೆ, ಪಲ್ಯ ಬೇರೆ, ಸಾರು ಬೇರೆ ಅಂತ ಕೂರುವ ಹಾಗಿಲ್ಲ.

ಸಮಯ ಉಳಿಯುವುದು ಮಾಂಸ ಕೊಳ್ಳುವಾಗಲೇ. ಭುಜದ, ಕಾಲಿನ ಮಾಂಸಕ್ಕೆ ರುಚಿ ಜಾಸ್ತಿ, ನಿಜ. ಆದರೆ ಪ್ರಾಣಿ ದಿನವಿಡೀ ದುಡಿಸಿದ ಭಾಗ ಅದು, ಒಳಗೆ ನಾರು ಜಾಸ್ತಿ. ಆ ನಾರು ಕರಗಿ ಮೆತ್ತಗಾಗಲು ಗಂಟೆಗಟ್ಟಲೆ ಸಣ್ಣ ಉರಿ ಬೇಕು. ಖೀಮಾದಲ್ಲಿ ಆ ಕೆಲಸವನ್ನು ಯಂತ್ರವೇ ಮಾಡಿ ಮುಗಿಸಿರುತ್ತದೆ. ಹಾಗಾಗಿ ವಾರದ ದಿನಕ್ಕೆ ಖೀಮಾ, ಎರಡನೇ ಮಾತೇ ಇಲ್ಲ. ಇಲ್ಲಿ ಪ್ಯಾಕೆಟ್ ಮೇಲೆ ಕೊಬ್ಬು ಎಷ್ಟು ಪರ್ಸೆಂಟ್ ಅಂತ ಬರೆದಿರುತ್ತಾರೆ. 5 ಪರ್ಸೆಂಟಿನದು ಅನ್ನದ ಜೊತೆ ಒಣಗಿದ ಹಾಗೆ ಆಗುತ್ತದೆ, 20ರದ್ದು ಎಣ್ಣೆ ಬಿಟ್ಟು ಅನ್ನವನ್ನೆಲ್ಲ ಜಿಡ್ಡು ಮಾಡುತ್ತದೆ. ನಾನು 10ರಿಂದ 12ರ ಒಳಗಿನದನ್ನು ತರುತ್ತೇನೆ. ಮಾಂಸದಂಗಡಿ ಹತ್ತಿರವಿದ್ದರೆ ಇನ್ನೂ ಒಳ್ಳೆಯದು, ಭುಜದ ತುಂಡು ತೋರಿಸಿ ಕಣ್ಣೆದುರೇ ಖೀಮಾ ಮಾಡಿಸಿಕೊಳ್ಳಬಹುದು.

ಮನೆಗೆ ಬಂದ ಕೂಡಲೇ ಕೋಟು ಬಿಚ್ಚುವ ಮೊದಲು 2 ಕಪ್ ಬಾಸ್ಮತಿ ತೊಳೆದು ನೆನೆಯಲು ಇಡುತ್ತೇನೆ. ಊರಿನ ಕೆಂಪು ಕುಚ್ಚಲಕ್ಕಿ ನನಗೆ ಜೀವ. ಆದರೆ ಅದು ಬೇಯುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ, ಅದನ್ನು ರಜೆಯ ದಿನಕ್ಕೆ ಇಟ್ಟಿದ್ದೇನೆ. ಬಾಸ್ಮತಿ 20 ನಿಮಿಷ ನೆಂದರೆ ಸಾಕು.

ಈಗ ಪಾತ್ರೆ. ತಳ ದಪ್ಪ ಇರಬೇಕು, ಬಾಯಿ ಅಗಲ ಇರಬೇಕು, ಮುಚ್ಚಳ ಬಿಗಿಯಾಗಿ ಕೂರಬೇಕು. ಅದನ್ನು ಚೆನ್ನಾಗಿ ಕಾಯಿಸಿ, 1 ಚಮಚ ಎಣ್ಣೆ ಬಿಟ್ಟು, ಅರ್ಧ ಕಿಲೋ ಖೀಮಾವನ್ನು ಅಗಲಕ್ಕೆ ಹರಡಿ ಸುಮ್ನೆ ಬಿಡುತ್ತೇನೆ. ಕೈ ತುರಿಸುತ್ತದೆ, ಆದರೆ ಸೌಟು ಹಾಕಬಾರದು. ಮೊದಲು ಬೂದು ಬಣ್ಣ ಬರುತ್ತದೆ, ನೀರು ಬಿಡುತ್ತದೆ, ಕುದಿಯುವ ಸದ್ದು ಬರುತ್ತದೆ. ಇಲ್ಲಿಗೇ ನಿಲ್ಲಿಸಿ ಮಸಾಲೆ ಹಾಕಿದರೆ ಅದು ಬೇಯಿಸಿದ ಮಾಂಸ ಅಷ್ಟೇ. ಇನ್ನೂ ನಾಲ್ಕೈದು ನಿಮಿಷ ಕಾಯಬೇಕು. ನೀರು ಆರುತ್ತಾ ಬಂದ ಹಾಗೆ ಬುಳಬುಳ ಸದ್ದು ಹೋಗಿ ಚುರುಚುರು ಸದ್ದು ಶುರುವಾಗುತ್ತದೆ. ತಳ ಹಿಡಿದ ಭಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಅಡುಗೆಮನೆಯ ತುಂಬ ಹುರಿದ ಮಾಂಸದ ವಾಸನೆ. ಮಾಂಸದಲ್ಲಿ ನೀರು ಇರುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣಕ್ಕೆ ಅದಕ್ಕಿಂತ ಜಾಸ್ತಿ ಬಿಸಿ ಬೇಕು. ಅದಕ್ಕೇ ಈ ಕಾಯುವಿಕೆ. ಒಂದೇ ಪಾತ್ರೆಯ ಅಡುಗೆಯಲ್ಲಿ ರುಚಿ ಹುಟ್ಟುವ ಜಾಗ ಇದೊಂದೇ. ನನ್ನನ್ನು ಕೇಳಿದರೆ, ಬೇರೆ ಏನನ್ನು ಬಿಟ್ಟರೂ ಈ ಐದು ನಿಮಿಷ ಬಿಡಬೇಡಿ.

ಆಮೇಲೆ ಮಾಂಸವನ್ನು ಒಂದು ಬದಿಗೆ ಸರಿಸಿ, ಖಾಲಿ ಜಾಗದಲ್ಲಿ ಚಕ್ಕೆ, 4 ಲವಂಗ, ಸಣ್ಣಗೆ ಹೆಚ್ಚಿದ 2 ಈರುಳ್ಳಿ. ಈರುಳ್ಳಿ ಬಾಡಿದ ಮೇಲೆ 1 ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, 1 ಟೊಮೆಟೊ. ಮಸಾಲೆಗೆ ನನ್ನ ಹತ್ತಿರ ಒಂದೇ ಡಬ್ಬಿ: ಬಾಫತ್ ಪುಡಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ ಎಲ್ಲ ಅದರಲ್ಲೇ ಇದೆ. ಊರಿಂದ ಬರುವಾಗ ಅಮ್ಮ ಕಟ್ಟಿಕೊಡುತ್ತಾರೆ. ಫ್ರೀಜರ್‌ನಲ್ಲಿ ಇಟ್ಟರೆ ಬಣ್ಣ, ವಾಸನೆ ಎರಡೂ ಚೆನ್ನಾಗಿ ಉಳಿಯುತ್ತದೆ. ಹಂದಿ ಮಾಂಸಕ್ಕೆ ಹೆಸರಾದ ಪುಡಿ ಇದು, ಬೀಫ್‌ಗೂ ಅಷ್ಟೇ ಒಗ್ಗುತ್ತದೆ. ಎರಡೂವರೆ ಟೀ ಚಮಚ ಹಾಕಿ, ಅರ್ಧ ನಿಮಿಷ ಹುರಿದು, 1 ಟೀ ಚಮಚ ವಿನೆಗರ್ ಬಿಟ್ಟು, ತಳಕ್ಕೆ ಅಂಟಿದ ಕಂದು ಪದರವನ್ನೆಲ್ಲ ಮರದ ಸೌಟಿನಿಂದ ಕೆರೆದು ಎಬ್ಬಿಸುತ್ತೇನೆ. ಅದು ತಳದಲ್ಲೇ ಉಳಿದರೆ ಅನ್ನ ಸೀದುಹೋಗುತ್ತದೆ, ಮೇಲೆ ಬಂದರೆ ಅನ್ನಕ್ಕೆ ಬಣ್ಣ ಮತ್ತು ರುಚಿ.

ನೀರಿನ ಲೆಕ್ಕ ಹೀಗೆ. ನೆಂದ 2 ಕಪ್ ಅಕ್ಕಿಗೆ 3 ಕಪ್ ನೀರು. ಅದೂ ಕೆಟಲ್‌ನಲ್ಲಿ ಕುದಿಸಿದ ನೀರು. ತಣ್ಣೀರು ಹಾಕಿದರೆ ಮತ್ತೆ ಕುದಿ ಬರುವ ತನಕ ಅಕ್ಕಿ ನೆನೆಯುತ್ತಾ ಕೂತು ಮುದ್ದೆಯಾಗುತ್ತದೆ. ಫ್ರೋಜನ್ ಬಟಾಣಿ, ಕ್ಯಾರೆಟ್ ಇದ್ದರೆ ಒಂದು ಹಿಡಿ. ಉಪ್ಪು ಹಾಕಿ ನೀರಿನ ರುಚಿ ನೋಡಿ, ನಾಲಿಗೆಗೆ ಒಂದು ಚೂರು ಜಾಸ್ತಿ ಅನ್ನಿಸಬೇಕು, ಉಪ್ಪನ್ನು ಅಕ್ಕಿ ಎಳೆದುಕೊಳ್ಳುತ್ತದೆ. ಅಕ್ಕಿ ಬಸಿದು ಹಾಕಿ, ಒಮ್ಮೆ ಮಾತ್ರ ಮೆಲ್ಲಗೆ ತಿರುವಿ. ಕುದಿ ಬಂದಾಗ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ 12 ನಿಮಿಷ, ಒಲೆ ಆರಿಸಿ ಇನ್ನೂ 10 ನಿಮಿಷ. ಮಧ್ಯೆ ಮುಚ್ಚಳ ತೆಗೆದರೆ ಆವಿ ಹೋಯಿತು, ಮೇಲಿನ ಅನ್ನ ಗಟ್ಟಿಯಾಗಿಯೇ ಉಳಿಯಿತು. ಆ 22 ನಿಮಿಷದಲ್ಲಿ ನಾನು ಮಕ್ಕಳ ಹೋಮ್‌ವರ್ಕ್ ನೋಡಿ, ಸೌತೆಕಾಯಿ ಹೆಚ್ಚಿ ಮೊಸರಿಗೆ ಹಾಕಿರುತ್ತೇನೆ.

ತುಂಡು ಮಾಂಸವೇ ಬೇಕು ಅನ್ನುವವರಿಗೂ ದಾರಿ ಇದೆ. ನನ್ನ ಗಂಡ ಆ ಪಕ್ಷದವರು. ಮಾಂಸ, ಅಕ್ಕಿ ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದರೆ ಆಗುವುದಿಲ್ಲ. ಮಾಂಸ ಬೇಯುವಷ್ಟರಲ್ಲಿ ಅಕ್ಕಿ ಗಂಜಿ. ಅದಕ್ಕೆ ಭಾನುವಾರವೇ ಒಂದೂವರೆ ಕಿಲೋ ಭುಜದ ಮಾಂಸವನ್ನು ಸಣ್ಣ ತುಂಡು ಮಾಡಿ, ಉಪ್ಪು, ಶುಂಠಿ, ಬಾಫತ್ ಪುಡಿ ಹಾಕಿ, ಕುಕ್ಕರ್ ಕೂಗಿದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸುತ್ತೇನೆ. ಕುಕ್ಕರ್ ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುವುದರಿಂದ ಇಲ್ಲಿಯ ಎಳೆಯ ಮಾಂಸಕ್ಕೆ ಅಷ್ಟು ಸಾಕು. ಊರಿನ ಎಮ್ಮೆ ಮಾಂಸಕ್ಕೆ ಇನ್ನೂ ಹೊತ್ತು ಬೇಕು. ಆರಿದ ಮೇಲೆ ಸಾರಿನ ಸಮೇತ ಮೂರು ಡಬ್ಬಿ ಮಾಡಿ ಫ್ರೀಜರಿಗೆ. ಬೇಕಾದ ದಿನದ ಹಿಂದಿನ ರಾತ್ರಿ ಒಂದು ಡಬ್ಬಿ ಫ್ರಿಜ್ಜಿಗೆ ಇಳಿಸಿದರೆ ಸಂಜೆಗೆ ಕರಗಿರುತ್ತದೆ. ಆ ಸಾರನ್ನು ಅಳೆದು, ಒಟ್ಟು 3 ಕಪ್ ಆಗುವಷ್ಟು ನೀರು ಸೇರಿಸಿ, ಈರುಳ್ಳಿ ಬಾಡಿಸಿದ ಪಾತ್ರೆಗೆ ಮಾಂಸದ ಜೊತೆ ಹಾಕಿ ಕುದಿಸಿ, ಅಕ್ಕಿ ಹಾಕಿದರೆ ಆಯಿತು. ರುಚಿ ಖೀಮಾಕ್ಕಿಂತ ಒಂದು ಕೈ ಮೇಲೆ ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಉಳಿದದ್ದು ಮರುದಿನದ ಡಬ್ಬಿಗೆ ಹೋಗುತ್ತದೆ. ಇದರಲ್ಲಿ ಮಾತ್ರ ನಾನು ತುಂಬ ಕಟ್ಟುನಿಟ್ಟು. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅಕ್ಕಿಯಲ್ಲಿ ಇರಬಹುದು. ಅನ್ನ ಬೆಚ್ಚಗೆ ಹೊರಗೇ ಕೂತರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅದಕ್ಕೆ ಊಟ ಆದ ತಕ್ಷಣ ಅಗಲ ಟ್ರೇಯಲ್ಲಿ ಹರಡಿ, ಗಂಟೆಯೊಳಗೆ ಫ್ರಿಜ್ಜಿಗೆ. ಮರುದಿನ ಎರಡು ಚಮಚ ನೀರು ಚಿಮುಕಿಸಿ, ಹೊಗೆಯಾಡುವಷ್ಟು ಬಿಸಿ ಮಾಡಿ ತಿನ್ನಿ. ಎರಡನೇ ಸಲ ಬಿಸಿ ಮಾಡಬೇಡಿ.