ಮರಾಕೇಶ್ ಸಂತೆಯಲ್ಲಿ ಮಸಾಲೆ ಕೊಳ್ಳುವುದು ಹೇಗೆ?

ಮೊರಾಕ್ಕೊದ ಮರಾಕೇಶ್‌ಗೆ ಹೋದವರಲ್ಲಿ ಅನೇಕರು ಜಮಾ ಎಲ್ ಫ್ನಾ ಚೌಕದಲ್ಲೇ ಮಸಾಲೆ ಕೊಂಡು ಮುಗಿಸುತ್ತಾರೆ. ಅವಸರ ಬೇಡ. ಅಲ್ಲಿಂದ ಉತ್ತರಕ್ಕೆ ಗಲ್ಲಿಗಳಲ್ಲಿ ಸ್ವಲ್ಪ ನಡೆದರೆ ರಹ್ಬಾ ಕದೀಮಾ ಎಂಬ ಹಳೇ ಚೌಕ ಸಿಗುತ್ತದೆ. ನಡುವೆ ಬುಟ್ಟಿ ಮಾರುವವರು, ಸುತ್ತ ಮಸಾಲೆ ಅಂಗಡಿಗಳು. ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಹಲವು ಅಂಗಡಿಗಳು ಮುಚ್ಚಿರುತ್ತವೆ, ನೆನಪಿರಲಿ.

ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ಸುಮ್ನೆ ನೋಡಿ, ಮೂಸಿ, ‘ಬ್ಶ್‌ಹಾಲ್?’ (ಎಷ್ಟು?) ಎಂದು ಎರಡು ಮೂರು ಕಡೆ ಬೆಲೆ ಕೇಳಿ. ಗೋಪುರದಂತೆ ಪೇರಿಸಿಟ್ಟ ಪುಡಿಗಳು ಫೋಟೊಗೆ ಚೆಂದ. ಆದರೆ ದಿನವಿಡೀ ಬಿಸಿಲು, ಗಾಳಿಗೆ ಒಡ್ಡಿಕೊಂಡ ಪುಡಿಯಲ್ಲಿ ಘಮ ಎಲ್ಲಿ ಉಳಿದೀತು? ಪುಡಿ ಬಿಟ್ಟು ಇಡೀ ಕಾಳನ್ನೇ ಕೇಳಿ. ನಾಲ್ಕು ಜೀರಿಗೆ ಅಂಗೈಯಲ್ಲಿ ಉಜ್ಜಿ ಮೂಸಿದರೆ ಹೊಸದೋ ಹಳೆಯದೋ ಗೊತ್ತಾಗುತ್ತದೆ. ಬೇಕಿದ್ದರೆ ಕಣ್ಣೆದುರೇ ಪುಡಿ ಮಾಡಿಸಿಕೊಳ್ಳಿ.

ರಾಸ್ ಎಲ್ ಹನೂತ್ ಎಂಬ ಮಿಶ್ರ ಮಸಾಲೆಯನ್ನಂತೂ ಹೀಗೆಯೇ ಕೊಳ್ಳಬೇಕು. ನಮ್ಮ ಸಾರಿನಪುಡಿಯಂತೆ ಇದೂ ಅಂಗಡಿಗೊಂದು ರುಚಿ. ಚಕ್ಕೆ, ಏಲಕ್ಕಿ, ಜಾಪತ್ರೆ, ಶುಂಠಿಯ ಜೊತೆ ಹಿಪ್ಪಲಿ, ಬಾಲಮೆಣಸು, ಒಣ ಗುಲಾಬಿ ಮೊಗ್ಗೂ ಇರಬಹುದು. ಏನೇನು ಹಾಕುತ್ತೀರಿ ಎಂದು ಕೇಳಿ. ಒಂದೊಂದೇ ಡಬ್ಬ ತೆರೆದು ತೋರಿಸುವ ಅಂಗಡಿಯವರನ್ನು ನಂಬಬಹುದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಕೇಸರಿ. ಮೋಸ ಜಾಸ್ತಿ ಆಗುವುದು ಇಲ್ಲೇ. ಮೊರಾಕ್ಕೊದಲ್ಲಿ ಒಳ್ಳೆಯ ಕೇಸರಿ ಬೆಳೆಯುವುದು ದಕ್ಷಿಣದ ತಾಲಿಯುವೀನ್ ಸುತ್ತಮುತ್ತ. ಒಂದು ಕಿಲೊಗೆ ಸುಮಾರು 1.5 ಲಕ್ಷ ಹೂ ಬೇಕು, ಅಗ್ಗಕ್ಕೆ ಸಿಗುವ ಮಾತೇ ಇಲ್ಲ. ಎಳೆಯೊಂದನ್ನು ಬೆಳಕಿಗೆ ಹಿಡಿಯಿರಿ: ಒಂದು ತುದಿ ತುತ್ತೂರಿಯ ಬಾಯಿಯಂತೆ ಅಗಲವಾಗಿರಬೇಕು. ಉತ್ತರ ಕರ್ನಾಟಕದವರಿಗೆ ಕುಸುಬೆ ಹೂವಿನ ಎಸಳು ಪರಿಚಯ ಅಲ್ವಾ? ಕೇಸರಿ ಎಂದು ಅದನ್ನೇ ಮಾರುವವರಿದ್ದಾರೆ. ಆಮೇಲೆ ಎಳೆಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ. ಅಸಲಿಯಾದರೆ ನಿಧಾನಕ್ಕೆ ಹಳದಿ ಬಣ್ಣ ಬಿಡುತ್ತದೆ, ಎಳೆ ತುಂಬಾ ಹೊತ್ತು ಕೆಂಪಾಗಿಯೇ ಇರುತ್ತದೆ. ಬಣ್ಣ ಹಚ್ಚಿದ್ದಾದರೆ ನೀರು ತಕ್ಷಣ ಕೆಂಪಾಗಿ ಎಳೆ ಬಿಳಿಚಿಕೊಳ್ಳುತ್ತದೆ. ಅಗ್ಗದ ಪೊಟ್ಟಣಗಳಲ್ಲಿ ಬರುವ ಹಳದಿ ಪುಡಿ ಬರೀ ಬಣ್ಣ, ಮುಟ್ಟಲೇಬೇಡಿ.

ಚೌಕಾಸಿ ನಗುನಗುತ್ತಾ ಮಾಡಿ. ಚಿಲ್ಲರೆ ದಿರ್ಹಮ್ ನೋಟುಗಳಿರಲಿ. ಕೇಸರಿ ಒಂದೆರಡು ಗ್ರಾಂ, ಉಳಿದದ್ದು ನೂರು ನೂರು ಗ್ರಾಂ ಸಾಕು. ಊರಿಗೆ ಬಂದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ, ಒಲೆಯಿಂದ ದೂರ, ಕತ್ತಲಲ್ಲಿ ಇಡಿ.