ಕೊಟ್ಟಿದ್ದು ಮುಯ್ಯಿಯಾ, ಸಾಲವಾ?

ಮದುವೆ ಮುಗಿದ ಮೇಲೆ ಮುಯ್ಯಿ ಬರೆದ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ. ಯಾರ ಮನೆಯಿಂದ 501 ಬಂತು, ಯಾರು ಬೆಳ್ಳಿಯ ಕುಂಕುಮದ ಬಟ್ಟಲು ಕೊಟ್ಟರು, ಎಲ್ಲ ಅದರಲ್ಲಿರುತ್ತದೆ. ಅವರ ಮನೆಯಲ್ಲಿ ಗೃಹಪ್ರವೇಶವೋ ನಾಮಕರಣವೋ ಬಂದಾಗ ತೆಗೆದು ನೋಡಿ. ಹತ್ತು ವರ್ಷದ ಮೇಲೆ ಅದೇ 501 ಕೊಟ್ಟರೆ ಲೆಕ್ಕ ಚುಕ್ತಾ ಮಾಡಿ ಕೈ ತೊಳೆದುಕೊಂಡ ಹಾಗೆ ಕಾಣುತ್ತದೆ. ಸ್ವಲ್ಪ ಮೇಲೆ ಹಾಕಿ. ಹಾಗಂತ ಐದು ಸಾವಿರ ಕೊಟ್ಟು ದೊಡ್ಡಸ್ತಿಕೆ ತೋರಿಸಬೇಡಿ. ಅಷ್ಟನ್ನು ತಿರುಗಿ ಹೊಂದಿಸಲಾಗದೆ, ಮುಂದೆ ನಿಮ್ಮ ಮನೆ ಕಾರ್ಯಕ್ಕೆ ಬರುವುದನ್ನೇ ತಪ್ಪಿಸಿಕೊಂಡವರನ್ನು ನಾನು ನೋಡಿದ್ದೇನೆ.

ಓರಗಿತ್ತಿ ಹುಳಿಪುಡಿ ಕಳಿಸಿದ ಡಬ್ಬಿಯನ್ನು ಖಾಲಿ ಹಿಂತಿರುಗಿಸಬೇಡಿ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿ ಕೊಡಿ, ಸಾಕು.

ಗೌರಿ ಹಬ್ಬದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಮೈಸೂರು ಕಡೆ ತವರಿನಿಂದ ಹೆಣ್ಣುಮಕ್ಕಳಿಗೆ ಮಂಗಳದ್ರವ್ಯ ಬರುತ್ತದೆ. ಹಿಂದೆ ಮನಿಯಾರ್ಡರ್‌ನಲ್ಲಿ ಬರುತ್ತಿತ್ತು, ಈಗ ಫೋನಿನಲ್ಲೇ ಬರುತ್ತದೆ. ಅಪ್ಪ ಅಮ್ಮ ಹೋದ ಮೇಲೆ ಇದನ್ನು ನಿಲ್ಲಿಸಬೇಡಿ. ದುಡ್ಡು ಹಾಕಿ ಸುಮ್ಮನಾಗದೆ, ಫೋನ್ ಮಾಡಿ ಎರಡು ಮಾತಾಡಿ. ತವರಿನಿಂದ ಮೊರದ ಬಾಗಿನ ಬಂದಾಗ ಹೆಣ್ಣುಮಕ್ಕಳೂ ಅಷ್ಟೆ, ಫೋನ್ ಮಾಡಿ ಎರಡು ಮಾತಾಡಿ. ಅತ್ತಿಗೆ ಕೂತು ಜೋಡಿ ಮೊರಕ್ಕೆ ಅರಿಶಿನ ಹಚ್ಚಿ, ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಬಾಚಣಿಗೆ, ಕನ್ನಡಿ ಜೋಡಿಸಿರುತ್ತಾಳೆ. ರವಿಕೆ ಕಣದ ಬಟ್ಟೆ ತೆಳುವಾಗಿದೆ ಎಂದು ಬೆರಳಲ್ಲಿ ಉಜ್ಜಿ ನೋಡುವ ನಾದಿನಿಗೆ ಮುಂದಿನ ವರ್ಷ ಇನ್ನೂ ತೆಳುವಾದದ್ದೇ ಬರುತ್ತದೆ! ಅಣ್ಣ ತಮ್ಮಂದಿರಿಗೂ ಒಂದು ಮಾತು. ವರ್ಷವರ್ಷ ಬಾಗಿನ ಕೊಡುತ್ತೇವಲ್ಲ ಎಂದು ಆಸ್ತಿಯ ಪಾಲನ್ನು ಅದರಲ್ಲಿ ಮುಚ್ಚಿಹಾಕಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಅವಳೇ ಬೇಡ ಅಂದರೆ ಅದು ಬೇರೆ ಮಾತು. ಊಟಕ್ಕೆ ಕರೆದು, ಎಲೆ ಎತ್ತುವ ಮೊದಲೇ ಹಕ್ಕುಬಿಡುಗಡೆ ಪತ್ರ ಮುಂದಿಡುವುದು ಚೆನ್ನಾಗಿರಲ್ಲ.

ಇನ್ನು ಕೈಸಾಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ವಾ, ಅದು ಜಾಸ್ತಿ ನಡೆಯುವುದು ಒಡಹುಟ್ಟಿದವರ ನಡುವೆಯೇ. ಕೊಡುವಾಗಲೇ ಬಾಯಿಬಿಟ್ಟು ಹೇಳಿ: ಇದು ಸಾಲ, ದೀಪಾವಳಿ ಹೊತ್ತಿಗೆ ಬೇಕು. ಇಲ್ಲವೇ ಇದು ನಿನಗೇ, ವಾಪಸ್ ಬೇಡ. ಸುಮ್ನೆ ನಕ್ಕು ಕೊಟ್ಟು, ಆಮೇಲೆ ಅವನು ಬೈಕ್ ಕೊಂಡ ದಿನ ಕುದಿಯುವುದರಲ್ಲಿ ಅರ್ಥವಿಲ್ಲ. ಬ್ಯಾಂಕಿನ ಮೂಲಕವೇ ಕಳಿಸಿ, ಗುರುತು ಉಳಿಯುತ್ತದೆ. ಬೇಡ ಎಂದು ಕೊಟ್ಟದ್ದನ್ನು ಜಗಳದಲ್ಲಿ ಎತ್ತಿ ಆಡಬೇಡಿ.

ನನ್ನ ವಯಸ್ಸಿನವರಿಗೆ: ಮನೆಯನ್ನು ಮಕ್ಕಳ ಹೆಸರಿಗೆ ಬರೆಯಲು ಅವಸರ ಬೇಡ. ಬರೆದರೂ, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತು ದಾನಪತ್ರದಲ್ಲೇ ಇರಲಿ. ಷರತ್ತಿದ್ದೂ ಮಕ್ಕಳು ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಪತ್ರ ರದ್ದು ಮಾಡಿಸಲು ದಾರಿಯಿದೆ. ಬಾಯಿಮಾತಿನ ಭರವಸೆ ಅಲ್ಲಿ ನಿಲ್ಲುವುದು ಕಷ್ಟ.

ಅಮ್ಮನನ್ನು ನೋಡಿಕೊಳ್ಳುವ ಸೊಸೆಗೆ ತಿಂಗಳಿಗಿಷ್ಟು ಎಂದು ದುಡ್ಡು ಕಳಿಸಿದರೆ ಬೇರೆ ಮಕ್ಕಳ ಪಾಲು ಮುಗಿಯಲಿಲ್ಲ. ರಾತ್ರಿ ಎರಡು ಸಲ ಎದ್ದು ಬಚ್ಚಲಿಗೆ ಕರೆದುಕೊಂಡು ಹೋಗುವವಳು ಅವಳು. ವರ್ಷಕ್ಕೆ ಹದಿನೈದು ದಿನವಾದರೂ ಅಮ್ಮನನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗಿ. ಆ ದಿನಗಳನ್ನು ನಿಮ್ಮ ರಜೆ ನೋಡಿ ಗೊತ್ತು ಮಾಡಬೇಡಿ. ಆ ಸೊಸೆ ತವರಿಗೆ ಯಾವಾಗ ಹೋಗಬೇಕು ಎಂದು ಮೊದಲು ಕೇಳಿ.