ಕರುಳಿನ ಉರಿಯೂತದ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಪೋಷಿಸುವ ಬಗೆ

ಕರುಳಿನ ಉರಿಯೂತದ ಕಾಯಿಲೆಯ ಎರಡು ಮುಖ್ಯ ಬಗೆಗಳಾದ ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇರುವವರ ಕರುಳಿನಲ್ಲಿ, ನಾರಿನಂಶವನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಕಡಿಮೆಯಾಗಿರುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನವಾದ್ದರಿಂದ, ಅದರ ಕೊರತೆಯು ಆ ಪದರವನ್ನು ದುರ್ಬಲಗೊಳಿಸಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಬಹುದು; ಉರಿಯೂತವೂ ತನ್ನ ಪಾಲಿಗೆ ಈ ಬ್ಯಾಕ್ಟೀರಿಯಾಗಳ ಸಮತೋಲನವನ್ನು ಇನ್ನಷ್ಟು ಕೆಡಿಸುತ್ತದೆ.

ಆದ್ದರಿಂದ ರೋಗವು ಶಮನದಲ್ಲಿರುವಾಗ ನಾರಿನಂಶವನ್ನು ನಿಧಾನವಾಗಿ ಹೆಚ್ಚಿಸಿ. ಒಂದು ಸಲಕ್ಕೆ ಒಂದೇ ಹೊಸ ತರಕಾರಿಯನ್ನು ಆರಿಸಿಕೊಂಡು, ಸಿಪ್ಪೆ ತೆಗೆದು, ಬೆರಳಲ್ಲಿ ಒತ್ತಿದರೆ ಮೆತ್ತಗೆ ಹಿಸುಕಿಹೋಗುವಷ್ಟು ಬೇಯಿಸಿ, ಎರಡು ಚಮಚದಿಂದ ಆರಂಭಿಸಿ; ಮುಂದಿನ ಎರಡು ಮೂರು ದಿನ ಹೊಟ್ಟೆನೋವು, ಉಬ್ಬರ ಮತ್ತು ಮಲದ ಸ್ವರೂಪವನ್ನು ಬರೆದಿಟ್ಟುಕೊಳ್ಳಿ. ಕರುಳು ಎಲ್ಲಾದರೂ ಕಿರಿದಾಗಿದೆಯೆಂದು ವೈದ್ಯರು ಹೇಳಿದ್ದರೆ, ದಯವಿಟ್ಟು ಇದನ್ನು ನೀವಾಗಿಯೇ ಪ್ರಯತ್ನಿಸಬೇಡಿ. ಗಟ್ಟಿ ನಾರು ಅಲ್ಲಿ ಸಿಕ್ಕಿಕೊಂಡು ದಾರಿಯನ್ನೇ ಕಟ್ಟಬಹುದು.

ಪ್ರೋಬಯಾಟಿಕ್‌ಗಳೆಲ್ಲವೂ (ಕರುಳಿಗೆ ಒಳಿತಾಗಲೆಂದು ಸೇವಿಸುವ ಜೀವಂತ ಸೂಕ್ಷ್ಮಾಣುಗಳು) ಒಂದೇ ಅಲ್ಲ. ಇ. ಕೋಲಿ ನಿಸ್ಲೆ 1917 ಎಂಬ ತಳಿಯು ಅಲ್ಸರೇಟಿವ್ ಕೊಲೈಟಿಸ್ ಮರುಕಳಿಸದಂತೆ ತಡೆಯಲು ನೆರವಾದದ್ದುಂಟು, ಆದರೆ ಕ್ರೋನ್ಸ್ ಕಾಯಿಲೆಗೆ ಅಂತಹ ಗಟ್ಟಿ ಆಧಾರವಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಪ್ರೋಬಯಾಟಿಕ್ ತೆಗೆದುಕೊಳ್ಳಬೇಕು.

ಹಾಯೆನಿಸಿದರೂ ಔಷಧಿ ನಿಲ್ಲಿಸಬೇಡಿ. ಒಳಗಿನ ಉರಿಯೂತ ತಗ್ಗಿದೆಯೇ ಎಂಬುದನ್ನು ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ (ಉರಿಯೂತವಿದ್ದಾಗ ಹೆಚ್ಚಾಗುವ ಒಂದು ಪ್ರೋಟೀನ್) ಪರೀಕ್ಷೆಯಿಂದ ತಿಳಿಯಬಹುದು.